ಕುಡುಗೋಲಿನ ಪಕ್ಕದ ಕಂಪ್ಯೂಟರ್

ಟಿ.ವಿ.ಯ ಹಿಂಬದಿಗೆ ಕೈಯಾಡಿಸಿದೆ. ಅಲ್ಲಿ ಏನೂ ಇರಲಿಲ್ಲ. ಹುನ್ನೂರಿನ ಅಕ್ಕನ ಮನೆಗೆ ಹೋದಾಗಲೆಲ್ಲ ಬೆರಳುದ್ದದ ನನ್ನ ಸ್ಟಿಕ್ ಕಂಪ್ಯೂಟರನ್ನು ಅವಳ ಟಿ.ವಿ.ಗೆ ಸಿಕ್ಕಿಸಿ, ಶಾಸನಗಳ ಛಾಯಾಚಿತ್ರಗಳನ್ನು ದೊಡ್ಡದಾಗಿ ನೋಡುತ್ತ ಅವುಗಳ ತಿಥಿ, ಸಂವತ್ಸರಗಳನ್ನು ತಾಳೆ ಹಾಕುವುದು ನನ್ನ ರೂಢಿ; ಹಿಂದಿನ ರಾತ್ರಿಯೂ ಸಿಕ್ಕಿಸಿ ಅಲ್ಲಿಯೇ ಬಿಟ್ಟಿದ್ದೆ. ನಿವೃತ್ತಿಯ ನಂತರ ತೆಗೆದ ಚಿತ್ರಗಳೆಲ್ಲ ಅದರಲ್ಲಿಯೇ ಇದ್ದವು; ಬೇರೆ ಪ್ರತಿ ಇರಲಿಲ್ಲ. ಹಬ್ಬದ ಕಸದೊಡನೆ ಹೋಯಿತೇನೋ ಎಂದು ಅಡುಗೆಮನೆಯತ್ತ ಕೂಗಿದೆ.

“ಅಕ್ಕಾ, ಇಲ್ಲಿದ್ದ ಕಡ್ಡಿ ಎಲ್ಲೈತಿ?”

“ಇವತ್ತ ಖಂಡೇನವಮಿ ಅಲ್ಲೇನೋ ತಮ್ಮಾ! ನಿಮ್ಮ ಮಾವನ ಕುಡಗೋಲಿಗಷ್ಟ ಪೂಜಿ, ನಿನ್ನ ಕುಡಗೋಲಿಗಿ ಬ್ಯಾಡೇನು?”

ದೇವರ ಕೋಣೆಯಲ್ಲಿ ಆಯುಧಪೂಜೆಗಿಟ್ಟ ಕುಡುಗೋಲು, ಕೊಡಲಿಗಳ ಪಕ್ಕದಲ್ಲಿ ಅದು ವಿಭೂತಿ ಧರಿಸಿ, ಚೆಂಡುಹೂವಿನ ಕೆಳಗೆ ಕುಳಿತಿತ್ತು. ಕೈ ಚಾಚಿದರೆ ಅಕ್ಕ ಗದರಿದಳು: “ನಾಳಿ ಬನ್ನಿ ಕೊಡೂತನಕ ಮುಟ್ಟಬ್ಯಾಡ. ಒಂದ ದಿನ ಕಲ್ಲ ಓದಲಿಲ್ಲಂದ್ರ ಅವೇನ ಓಡಿ ಹೋಗೂದಿಲ್ಲ!”

ಮರುದಿನ ಬನ್ನಿ ಹಂಚಿದ ಮೇಲೆ ಅದನ್ನು ಟಿ.ವಿ.ಗೆ ಸಿಕ್ಕಿಸಿದೆ. ಪರದೆಯಲ್ಲಿ ಮೊದಲ ಶಾಸನ ಅಕ್ಷರ ಮಾಸದೆ ಮೂಡಿತು.

ಈಗ ಎಲ್ಲ ಚಿತ್ರಗಳಿಗೂ ಇನ್ನೊಂದು ಪ್ರತಿ ಇದೆ. ಆದರೆ ನನ್ನ ಓದುಬರಹವನ್ನೂ ಹೊಲದ ದುಡಿಮೆಯ ಸಾಲಿನಲ್ಲಿ ಕೂಡಿಸಿದ ಅಕ್ಕನ ಆ ವಿಭೂತಿಯನ್ನು ನಾನು ಇನ್ನೂ ಒರೆಸಿಲ್ಲ.