ಹಾಲ್ವೆನ್‌ಗೆ ಜನ ಕರೆತಂದವಳು

ಸಿಗ್ನೆ ಟ್ವೈಟ್ ಹುಟ್ಟಿದ ಕಾಲಕ್ಕೆ ಹಾಲ್ವೆನ್‌ನಲ್ಲಿ ನಾನೂರು ಜನರಿದ್ದರು. ರೈಲು ಹಳಿಯ ಪಕ್ಕ ಗೋಧಿ ತುಂಬುವ ಎತ್ತರದ ಮರದ ಕಣಜಗಳು ಸಾಲಾಗಿ ನಿಂತಿದ್ದವು. ಶನಿವಾರ ಸಂಜೆ ಮುಖ್ಯ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ನಾರ್ವೆಯಿಂದ ಬಂದ ಅವಳ ಅಜ್ಜ ಹುಲ್ಲುಗಾವಲಿನ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕತ್ತರಿಸಿ, ಗೋಡೆ ಎಬ್ಬಿಸಿ, ಅದರೊಳಗೆ ಮೊದಲ ಚಳಿಗಾಲ ಕಳೆದವನು. ಅವನ ಮೊಮ್ಮಗಳಿಗೆ ಅರವತ್ತಾಗುವ ಹೊತ್ತಿಗೆ ಊರಲ್ಲಿ ನೂರು ಜನವೂ ಉಳಿದಿರಲಿಲ್ಲ. ರೈಲು ನಿಂತಿತು, ಕಣಜಗಳನ್ನು ಕೆಡವಿದರು, ಬ್ಯಾಂಕು ಬಾಗಿಲು ಹಾಕಿತು. ಒಂದೊಂದು ಹೋದಾಗಲೂ ಊರವರು ಸಭಾಭವನದಲ್ಲಿ ಸೇರಿ ಕಾಫಿ ಕುಡಿದು, ಛೇ ಛೇ ಅಂದು ಮನೆಗೆ ಹೋಗುತ್ತಿದ್ದರು.

ಸಿಗ್ನೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಹಿಂದಿನ ಸೀಟುಗಳು ಖಾಲಿಯಾಗುತ್ತ ಬಂದದ್ದನ್ನು ಎದುರಿನ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದಳು. ಮಕ್ಕಳು ಇನ್ನೂ ಕಡಿಮೆಯಾದರೆ ಶಾಲೆ ಮುಚ್ಚುವುದಾಗಿ ಮೇಲಿನವರು ಹೇಳಿ ಕಳಿಸಿದಾಗ ಮತ್ತೆ ಸಭೆ ಸೇರಿತು. ಊರಿನ ಮೇಯರ್ ಲೈಲ್ ಓಡೆಗಾರ್ಡ್ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಯಾರಾದ್ರೂ ಏನಾದ್ರೂ ಮಾಡ್ಬೇಕಪ್ಪ," ಅಂದ ಲೈಲ್.

"ಯಾರಾದ್ರೂ ಅಂದ್ರೆ ಯಾರೋ? ಇಲ್ಲಿ ಕೂತಿರೋರೇ ತಾನೆ?"

"ಹಾಗಾದ್ರೆ ನೀನೇ ಮಾಡು ಮಾರಾಯ್ತಿ. ನಿನ್ನ ಬಸ್ಸು ತುಂಬಬೇಕಲ್ಲ."

ಎಲ್ಲರೂ ನಕ್ಕರು. ಸಿಗ್ನೆ ನಗಲಿಲ್ಲ. ದೇಶದ ಪೂರ್ವದ ಕಡಲತೀರದಲ್ಲಿ ಮೀನು ಬರಿದಾಗಿದೆಯೆಂದು ಸರ್ಕಾರ ಮೀನು ಹಿಡಿಯುವುದನ್ನೇ ನಿಲ್ಲಿಸಿದೆ, ಅಲ್ಲಿನ ಊರೂರೇ ಕೆಲಸವಿಲ್ಲದೆ ಕೂತಿವೆ ಎಂದು ಅವಳು ರೇಡಿಯೋದಲ್ಲಿ ಕೇಳಿದ್ದಳು. ತನ್ನ ಹೆಸರು, ವಿಳಾಸ ಹಾಕಿ ಅಲ್ಲಿನ ಪತ್ರಿಕೆಯೊಂದಕ್ಕೆ ಜಾಹೀರಾತು ಕೊಟ್ಟಳು: ನಮ್ಮಲ್ಲಿ ಖಾಲಿ ಮನೆಗಳಿವೆ, ಶಾಲೆಯಿದೆ, ದುಡಿಯುವವರಿಗೆ ಕೆಲಸವಿದೆ, ಬನ್ನಿ. ಚಳಿಗಾಲವೆಲ್ಲ ಯಾರೂ ಮಿಸುಕಲಿಲ್ಲ. ಹಿಮ ಕರಗಿ ರಸ್ತೆ ಕೆಸರಾದ ಹೊತ್ತಿಗೆ ಹಳೇ ವ್ಯಾನೊಂದು ಅವಳ ಮನೆ ಮುಂದೆ ಬಂದು ನಿಂತಿತು. ಅದರಿಂದ ಇಳಿದವರು ಆಂಬ್ರೋಸ್ ಪಿಕೋ, ಅವನ ಹೆಂಡತಿ ಫಿಲೊಮಿನಾ ಮತ್ತು ಐದು ಮಕ್ಕಳು.

"ಸಿಗ್ನೆ ಅಂದ್ರೆ ನೀವೇನಾ?" ಅಂದ ಆಂಬ್ರೋಸ್. ಸುತ್ತ ಬಯಲನ್ನು ಒಮ್ಮೆ ನೋಡಿದ. "ಇಷ್ಟು ಬಟ್ಟಬಯಲು ನೋಡಿದ್ದು ಕಡಲ ಮೇಲೆ ಮಾತ್ರ. ಪುಣ್ಯಕ್ಕೆ ಇಲ್ಲಿ ವಾಂತಿ ಬರಲ್ಲ."

ಆ ವಾರ ಊರಿಗೆ ಊರೇ ಅವರ ಮನೆಗೆ ಹೋಯಿತು. ಸೇಬಿನ ಪೈ ಕೊಟ್ಟರು, ಹಾಸಿಗೆ ಕೊಟ್ಟರು, ಹಳೇ ಸ್ಟವ್ ಕೊಟ್ಟರು. ದೋಣಿಯ ಇಂಜಿನ್ ಬಿಚ್ಚಿ ಜೋಡಿಸಿ ಪಳಗಿದ್ದ ಆಂಬ್ರೋಸನಿಗೆ ಟ್ರಾಕ್ಟರ್ ರಿಪೇರಿ ಕೈವಶವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಶಾಲೆ ಉಳಿಯಿತು. ಸಿಗ್ನೆಯ ಗಂಡ ಎಮಿಲ್ ಮಾತು ಕಮ್ಮಿಯವನು. "ಒಳ್ಳೇ ಕೆಲಸ ಮಾಡ್ದೆ ಕಣೆ," ಅಂತ ಅವನೂ ಒಂದು ದಿನ ಅಂದುಬಿಟ್ಟ.

ಎರಡನೇ ಬೇಸಿಗೆಗೆ ಗೊಣಗಾಟ ಶುರುವಾಯಿತು. ಆ ಮಕ್ಕಳ ಮಾತು ಒರಟು. ಭಾನುವಾರ ಚರ್ಚಿನ ಹೊತ್ತಿಗೇ ಫಿಲೊಮಿನಾ ಬಟ್ಟೆ ಒಣಗಿಸುತ್ತಾಳೆ. ಅವರ ಮನೆಯ ಅಕಾರ್ಡಿಯನ್ ವಾದ್ಯದ ಸದ್ದು ಬೀದಿಗೆಲ್ಲ ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡ ದೂರು ಅವರ ಅಂಗಳದ್ದು. ಅಲ್ಲಿ ಬಿಚ್ಚಿದ ಯಂತ್ರಗಳು ರಾಶಿ ಬಿದ್ದಿದ್ದವು. ಅದರಲ್ಲಿ ಅರ್ಧಕ್ಕರ್ಧ, ದೂರು ಹೇಳಿದವರೇ ರಿಪೇರಿಗೆ ಬಿಟ್ಟವು.

ಅಂಗಳ ಖಾಲಿ ಮಾಡಬೇಕು, ಇಲ್ಲವಾದರೆ ದಂಡ ಎಂದು ಊರಿನ ಸಮಿತಿ ನೋಟಿಸು ಹಚ್ಚಿತು. ಯಾವುದೋ ಕಾಲದ ನಿಯಮ, ಯಾರ ಮೇಲೂ ಬಳಸಿದ್ದಲ್ಲ. ಸಿಗ್ನೆ ನೇರ ಸಭೆಗೆ ನುಗ್ಗಿದಳು.

"ಲೈಲ್, ನಿನ್ನ ಕೊಟ್ಟಿಗೆ ಹಿಂದೆ ತುಕ್ಕು ಹಿಡಿದ ಟ್ರಕ್ಕು ಮೂರಿವೆ. ಅದರೊಳಗೆ ಗಿಡ ಬೆಳೆದಿದೆ."

"ಅದು ಬೇರೆ ಸಿಗ್ನೆ. ಅದು ನಮ್ಮಪ್ಪನ ಕಾಲದ್ದು."

"ಓಹೋ. ತುಕ್ಕಿಗೂ ವಂಶ ನೋಡ್ತೀರಾ?"

"ನೀನು ಸುಮ್ನೆ ರೇಗ್ಬೇಡ. ಅವರು ಇರಬಾರದು ಅಂತ ಯಾರೂ ಹೇಳ್ಲಿಲ್ಲ. ನಮ್ಮ ಹಾಗೆ ಇರ್ಲಿ ಅಂದ್ವಿ, ಅಷ್ಟೆ."

"ನಮ್ಮ ಹಾಗೆ ಇದ್ದೋರೆಲ್ಲ ಊರು ಬಿಟ್ಟು ಹೋದ್ರಲ್ಲೋ! ನಿಮಗೆ ಜನ ಬೇಕು, ಆದ್ರೆ ಬಂದೋರು ಬೇಡ."

ಒಬ್ಬಾಕೆ ಎದ್ದು ಕಾಫಿ ಬಗ್ಗಿಸತೊಡಗಿದಳು. ಅದನ್ನು ನೋಡಿ ಸಿಗ್ನೆಗೆ ಮೈಯೆಲ್ಲ ಉರಿಯಿತು. ಬೈದಿದ್ದರಾದರೂ ತಿರುಗಿ ಬೈಯಬಹುದಿತ್ತು.

ಆಂಬ್ರೋಸ್ ಜಗಳಕ್ಕೆ ಬರಲಿಲ್ಲ. ಹೆದ್ದಾರಿಯ ಮೇಲಿನ ದೊಡ್ಡ ಊರು ಕೆರ್ವುಡ್‌ನಲ್ಲಿ ಯಾರೋ ಅವನಿಗೆ ರಿಪೇರಿ ಕೆಲಸಕ್ಕೆ ಶೆಡ್ ಕೊಡಲು ಒಪ್ಪಿದ್ದರು. ಸಂಸಾರ ಸಮೇತ ಅಲ್ಲಿಗೆ ಹೊರಡಲು ಸಾಮಾನು ತುಂಬಿದ ದಿನ ಸಿಗ್ನೆ ಅವನ ಮುಂದೆ ನಿಂತು, "ಇನ್ನೊಂದು ವರ್ಷ ತಡೆದು ನೋಡಿ," ಎಂದು ಬೇಡಿಕೊಂಡಳು.

"ನಿಮ್ಮ ಮೇಲೆ ಬೇಜಾರಿಲ್ಲ," ಅಂದ ಅವನು. "ಆದ್ರೆ ಮಕ್ಕಳು ಕೇಳ್ತವೆ, ನಾವೇನು ತಪ್ಪು ಮಾಡಿದ್ವಿ ಅಂತ. ಏನು ಹೇಳ್ಲಿ?"

ಮುಂದಿನ ಬೇಸಿಗೆಗೆ ಶಾಲೆ ಮುಚ್ಚಿತು. ಉಳಿದ ಮಕ್ಕಳನ್ನು ಕೆರ್ವುಡ್‌ಗೆ ಮುಟ್ಟಿಸುವ ಕೆಲಸ ಸಿಗ್ನೆಯ ಬಸ್ಸಿಗೇ ಬಂತು. ಬೆಳಿಗ್ಗೆ ಮಕ್ಕಳನ್ನು ಇಳಿಸಿ, ಶಾಲೆ ಬಿಡುವ ತನಕ ಅವಳು ಫಿಲೊಮಿನಾಳ ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಲೈಲ್ ಒಂದು ಸುಗ್ಗಿಯಲ್ಲಿ ಕೆಟ್ಟ ಟ್ರಾಕ್ಟರನ್ನು ಟ್ರೇಲರ್ ಮೇಲೆ ಹೇರಿಕೊಂಡು ಆಂಬ್ರೋಸನ ಶೆಡ್ಡಿಗೆ ಬಂದದ್ದನ್ನು ಅಲ್ಲಿನ ಕಿಟಕಿಯಿಂದಲೇ ಕಂಡಳು. ನಗಬೇಕೆಂದುಕೊಂಡಳು, ನಗು ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಊರು ಕಟ್ಟಿದ್ದರ ನೆನಪಿನ ಹಬ್ಬಕ್ಕೆ ಚರಿತ್ರೆಯ ಪುಸ್ತಕ ತರುವ ಯೋಚನೆ ಎದ್ದಿತು. ಶಾಲೆಯ ಬಗ್ಗೆ ಬರೆಯಲು ಸಿಗ್ನೆಗೆ ಹೇಳಿದರು. ಅವಳು ಪಿಕೋ ಮನೆಯವರ ವಿಷಯವನ್ನೂ ಸೇರಿಸಿ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟಳು. ಪುಸ್ತಕ ಬಂದಾಗ ಅದರಲ್ಲಿದ್ದದ್ದು, ಮಕ್ಕಳ ಕೊರತೆಯಿಂದ ಶಾಲೆ ಮುಚ್ಚಿತು ಎಂಬ ಒಂದೇ ಸಾಲು.

"ಹಬ್ಬದ ಪುಸ್ತಕದಲ್ಲಿ ಜಗಳ ಯಾಕೆ ಅಂತ ತೆಗೆದ್ವಿ," ಅಂದ ಲೈಲ್ ಫೋನಿನಲ್ಲಿ. "ಸುಳ್ಳೇನೂ ಇಲ್ವಲ್ಲ."

ಹೌದು, ಸುಳ್ಳೇನೂ ಇರಲಿಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ಮಾರನೇ ದಿನ ಫಿಲೊಮಿನಾಳ ಎದುರು ಕೂತು ಎಲ್ಲ ಹೇಳಿಕೊಂಡಳು.

"ಹೋಗ್ಲಿ ಬಿಡಿ ಸಿಗ್ನೆ," ಅಂದಳು ಫಿಲೊಮಿನಾ ಹಿಟ್ಟು ನಾದುತ್ತ. "ಎರಡು ವರ್ಷ ಇದ್ದೋರು ನಾವು. ನಿಮ್ಮ ಊರಿನ ಪುಸ್ತಕದಲ್ಲಿ ಇಲ್ದಿದ್ರೆ ನಮಗೇನೂ ಬೇಜಾರಿಲ್ಲ."

"ನಿನಗಿಲ್ಲ. ನನಗಿದೆ," ಅಂದಳು ಸಿಗ್ನೆ.

ಚಹಾ ಆರಿತ್ತು. ಶಾಲೆ ಬಿಡುವ ಹೊತ್ತಾಗಿತ್ತು. ಕೋಟು ಹಾಕಿಕೊಂಡು ಬಸ್ಸು ಹತ್ತಲು ಹೊರಗೆ ಹೋದಳು.