ಎಲ್ಲಾ ಅಸಲಿ ಅಂದೆ

“ಕೈ ತೆಗಿ! ಪುಸ್ತಕದ ಮ್ಯಾಲಿಂದ ಕೈ ತೆಗಿ ಅಂದ್ನಿಲ್ಲೇನ್ ಮಗನ?”

ಪೇದೆ ನನ್ನ ಮಣಿಕಟ್ಟು ಹಿಡಿದು ಆಚೆ ತಳ್ಳಿದ. ಇನ್ನೊಬ್ಬ ಪೇದೆ ನನ್ನ ತಳ್ಳುಗಾಡಿಯ ಮೇಲಿದ್ದ ಪುಸ್ತಕಗಳನ್ನು ಸಿಮೆಂಟಿನ ಖಾಲಿ ಚೀಲಕ್ಕೆ ತುಂಬುತ್ತಿದ್ದ. ಅವನೇನೂ ಓದಿ ಆರಿಸುತ್ತಿರಲಿಲ್ಲ. ಮೇಲಿನ ಚಿತ್ರದಲ್ಲಿ ಅಂಗಿ ಇಲ್ಲದ ಗಂಡಸು ಇದ್ದರೆ ಚೀಲಕ್ಕೆ, ಹೆಂಗಸಿನ ಭುಜ ಕಂಡರೆ ಚೀಲಕ್ಕೆ. ಈಜು ಕಲಿಸುವ ಒಂದು ಪುಸ್ತಕವೂ ಹೋಯಿತು. ಅದರ ಮೇಲೆ ಚಡ್ಡಿ ಹಾಕಿಕೊಂಡ ಮುದುಕನಿದ್ದ.

ಸಂತೆಯ ಮಂದಿ ಸುತ್ತ ನಿಂತಿತು.

“ಏನ್ರಿ, ಬಾಂಬ್ ಗೀಂಬ್ ಇಟ್ಟಿದ್ನೇನು?” ಉಳ್ಳಾಗಡ್ಡಿ ಮಾರುವವನು ಕೇಳಿದ.

“ಬಾಂಬ್ ಅಲ್ಲೋ, ಇಂಗ್ಲಿಷ್ ಬುಕ್,” ಅಂದ ಪೇದೆ.

“ಇಂಗ್ಲಿಷ್ ಓದಿದ್ರೂ ಹಿಡಿತಾರ? ಛಲೋ ಆತ್ ಬಿಡು, ನಾ ಸಾಲಿಗೇ ಹೋಗಿಲ್ಲ.”

ಎಲ್ಲರೂ ನಕ್ಕರು. ನನಗೆ ಉಚ್ಚೆ ಬಂದಂತಾಗಿತ್ತು. ತಲೆಯಲ್ಲಿ ಒಂದೇ ಮಾತು: ಗೇಟ್‌ಪಾಸ್.

ಯಾವ ಊರಿನ ಸಂತೆ, ಯಾವ ಠಾಣೆ ಅಂತ ಬರೆಯುವುದಿಲ್ಲ. ಕೇಸು ಇನ್ನೂ ನಡೆದಿದೆ, ನನಗೆ ಹೆದರಿಕೆ ಇದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದರಲ್ಲಿ ಒಂದು. ಐದೂ ಊರಿಗೆ ನಾನು ಪುಸ್ತಕದ ಗಂಟು ಹೊತ್ತುಕೊಂಡು ಹೋಗಿ, ಅಲ್ಲೇ ಬಾಡಿಗೆಗೆ ಗಾಡಿ ಹಿಡಿದು ಮಾರುತ್ತಿದ್ದೆ.

ಗೇಟ್‌ಪಾಸ್ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಸಿಮೆಂಟ್ ಫ್ಯಾಕ್ಟರಿ ಬಿಟ್ಟರೆ ತಿಂಗಳ ಪಗಾರದ ಕೆಲಸ ಇಲ್ಲ. ಒಂದು ಫ್ಯಾಕ್ಟರಿಯಲ್ಲಿ ಚೀಲ ತುಂಬುವ ಕಡೆ ನನ್ನನ್ನು ತೆಗೆದುಕೊಳ್ಳುವುದಾಗಿ ಲೇಬರ್ ಕಾಂಟ್ರಾಕ್ಟರ್ ಹೇಳಿದ್ದ. ಡಾಕ್ಟರ್ ಎದೆ ನೋಡಿ ಆಗಿತ್ತು. ಫೋಟೋ ಕೊಟ್ಟಾಗಿತ್ತು. ಇವನ ಮೇಲೆ ಕೇಸಿಲ್ಲ ಅಂತ ಪೊಲೀಸರ ಕಾಗದ ಒಂದು ಬರಬೇಕಿತ್ತು. ಅದು ಬಂದರೆ ಗೇಟ್‌ಪಾಸ್, ಗೇಟ್‌ಪಾಸ್ ಇದ್ದರೆ ಒಳಗೆ. ನಮ್ಮವ್ವ ಸೊಂಟ ನೋವು ಇಟ್ಟುಕೊಂಡು ಆಡಕಿ ಊರಿನ ಕಡೆ ತೊಗರಿ ಕೊಯ್ಯಲು ಹೋಗುವುದು ತಪ್ಪುತ್ತಿತ್ತು. ಅಷ್ಟೇ ನನಗೆ ಬೇಕಾಗಿದ್ದದ್ದು.

ಪುಸ್ತಕ ಮಾರುವುದು ಆ ಕಾಗದ ಬರುವ ತನಕ ಅಂತ ಮಾಡಿದ ಕೆಲಸ. ನಾನು ಏಳನೇತ್ತಾ, ಅಂದರೆ ಏಳನೇ ಕ್ಲಾಸು, ಪೂರ್ತಿ ಮಾಡಿದವನಲ್ಲ. ಕನ್ನಡ ನಿಧಾನ ಓದುತ್ತೇನೆ. ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡು, ಮೊಬೈಲಿನ ಬಟನ್ನು, ಅಷ್ಟು. ಹೈದರಾಬಾದಿನ ಒಬ್ಬ ದಲ್ಲಾಳಿಯ ಗೋದಾಮಿನಲ್ಲಿ ಪರದೇಶದ ಹಳೆ ಪುಸ್ತಕ ಕಿಲೋ ಲೆಕ್ಕದಲ್ಲಿ ಸಿಗುತ್ತಿತ್ತು. ಹಡಗಿನಲ್ಲಿ ಮುಂಬಯಿಗೆ ಬಂದು, ಕಸ್ಟಮ್ಸಿನವರು ಸೀಲು ಒತ್ತಿ ಬಿಟ್ಟ ಮಾಲು ಅದು. ಪ್ಯಾಸೆಂಜರ್ ಗಾಡಿಯಲ್ಲಿ ನಾನು ವಾಡಿಗೆ ತರುತ್ತಿದ್ದೆ. ಅಡುಗೆಯ ಪುಸ್ತಕ, ಮಕ್ಕಳ ಬಣ್ಣದ ಪುಸ್ತಕ, ದಪ್ಪ ಕಾದಂಬರಿ. ಕಾದಂಬರಿಯೇ ಹೆಚ್ಚು ಹೋಗುತ್ತಿದ್ದವು. ನರ್ಸುಗಳು, ಡಿಗ್ರಿ ಹುಡುಗರು, ಹೊರಗಿಂದ ಬಂದ ಬ್ಯಾಂಕಿನ ಸಾಹೇಬರು, ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಣ್ಣುಮಕ್ಕಳು ಒಯ್ಯುತ್ತಿದ್ದರು. ಒಳಗೆ ಏನಿದೆ ಅಂತ ಒಬ್ಬರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ವಾಡಿಯಲ್ಲಿ ಚಿತ್ರ ಮೇಲೆ ಮಾಡಿ ಇಡುತ್ತಿದ್ದೆ, ಚಿಂಚೋಳಿಯಲ್ಲಿ ಬೋರಲು ಹಾಕುತ್ತಿದ್ದೆ. ಅಷ್ಟು ಬುದ್ಧಿ ನನಗೂ ಇತ್ತು.

ದಲ್ಲಾಳಿ ಒಂದು ಮಾತು ಕಲಿಸಿದ್ದ. ಹೈದರಾಬಾದಿನಲ್ಲಿ ನಕಲಿ ಅಚ್ಚು ಹಾಕಿದ ಪುಸ್ತಕ ಮಾರುವವರನ್ನು ಪೊಲೀಸರು ಹಿಡಿಯುತ್ತಾರೆ. ಅದಕ್ಕೇ ಅವನು ಪ್ರತಿ ಸಲ ಹೇಳುತ್ತಿದ್ದ: “ಪೊಲೀಸರು ಕೇಳಿದ್ರ ಎಲ್ಲಾ ಅಸಲಿ ಅದ ಅನ್ನು. ಡರಬ್ಯಾಡ. ನಕಲಿ ಇಟ್ಟವನಿಗಿ ಒದಿತಾರ, ಅಸಲಿ ಇಟ್ಟವನಿಗಿ ಏನ್ ಮಾಡ್ತಾರ?”

ಠಾಣೆಯಲ್ಲಿ ನನ್ನನ್ನು ಹಾಸುಗಲ್ಲಿನ ಮೇಲೆ ಕೂರಿಸಿದರು. ಕಲ್ಲು ತಣ್ಣಗಿತ್ತು, ಆದರೂ ನಾನು ಬೆವರುತ್ತಿದ್ದೆ. ಮೇಜಿನ ಹಿಂದೆ ಒಬ್ಬ ಹವಾಲ್ದಾರ ಪೆನ್ನು ಹಿಡಿದು ಕೂತಿದ್ದ. ದೂರು ಕೊಟ್ಟವರು ಯಾರು ಅಂತ ಅವನ ಬಾಯಿಂದಲೇ ತಿಳಿಯಿತು. ಒಬ್ಬ ತಂದೆ ಮಗಳಿಗೆ ಇಂಗ್ಲಿಷ್ ಬರಲಿ ಅಂತ ನನ್ನ ಹತ್ತಿರ ಒಂದು ಕಾದಂಬರಿ ಒಯ್ದಿದ್ದನಂತೆ. ಅವನ ಮಗ ಮೊಬೈಲನ್ನು ಪುಟದ ಮೇಲೆ ಹಿಡಿದನಂತೆ. ಮೊಬೈಲು ಇಂಗ್ಲಿಷನ್ನು ಕನ್ನಡ ಮಾಡಿ ತೋರಿಸಿತಂತೆ.

ಹವಾಲ್ದಾರ ಸಿಟ್ಟಿನವನೇನಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಚಹಾ ಕುಡಿಯುತ್ತ ಕೇಳಿದ:

“ಏನಪಾ, ಅಶ್ಲೀಲ ಪುಸ್ತಕ ಮಾರ್ಲಿಕತ್ತಿಯಂತ?”

ಆ ಶಬ್ದ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ, ಸಂತೆಯಲ್ಲಿ ಯಾರೂ ಅನ್ನುವುದಿಲ್ಲ. ನನ್ನ ಕಿವಿಗೆ ಗೊತ್ತಿದ್ದ ಶಬ್ದವೇ ಕೇಳಿತು. ಸಾಹೇಬರು ‘ಅಸಲಿ’ ಅನ್ನುವುದನ್ನು ಶುದ್ಧ ಮಾಡಿ ಅನ್ನುತ್ತಿದ್ದಾರೆ ಅಂದುಕೊಂಡೆ. ಜೀವ ಬಂದಂತಾಯಿತು.

“ಹೌದ್ರಿ ಸಾಹೇಬ್ರ.”

“ಹೌದಾ? ಎಲ್ಲಾನೂ?”

“ಎಲ್ಲಾ ಅಸಲಿ ಅದಾವ್ರಿ. ಒಂದೂ ನಕಲಿ ಇಲ್ರಿ. ನಮ್ಮವ್ವನ ಆಣಿ.”

ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿದರು. ಹವಾಲ್ದಾರ ಲೋಟ ಕೆಳಗಿಟ್ಟ.

“ಗೊತ್ತಿದ್ದೂ ಮಾರ್ತಿದ್ದಿ?”

“ಗೊತ್ತಿದ್ದೇ ಮಾರ್ತಿದ್ದೆ ರೀ. ಮಂದಿ ಅದನ್ನೇ ಕೇಳ್ತಾರ.”

“ಭೇಷ್,” ಅಂದ ಹವಾಲ್ದಾರ, ಬರೆಯತೊಡಗಿದ. ನಾನು ಗೋಡೆಗೆ ಒರಗಿ ಉಸಿರು ಬಿಟ್ಟೆ. ಈಗ ಬಿಡುತ್ತಾರೆ ಅಂದುಕೊಂಡೆ.

ಬಿಡಲಿಲ್ಲ. ಪುಸ್ತಕದಲ್ಲಿ ಏನಿದೆ ಅಂತ ಯಾರಾದರೂ ಓದಿ ಹೇಳಬೇಕಂತೆ. “ಮೊಬೈಲ್ ಕೋರ್ಟಿಗಿ ಬಂದು ಸಾಕ್ಷಿ ಹೇಳಂಗಿಲ್ಲಲ್ಲ,” ಅಂದ ಹವಾಲ್ದಾರ. ಸರ್ಕಾರಿ ಹೈಸ್ಕೂಲಿನಿಂದ ಇಂಗ್ಲಿಷ್ ಕಲಿಸುವ ಬಾಯೋರನ್ನು ಕರೆಸಿದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ಹಾಗೇ ಅನ್ನುತ್ತೇವೆ. ಸುಮಾರು ನಲವತ್ತರ ಹೆಂಗಸು, ಹೆಗಲಿಗೆ ಚೀಲ, ಕೈಗೆ ಚಾಕ್ ಹತ್ತಿತ್ತು. ಯಾಕೆ ಕರೆದಿದ್ದಾರೆ ಅಂತ ಅವರಿಗೂ ಹೇಳಿರಲಿಲ್ಲ.

ಹವಾಲ್ದಾರ ಒಂದು ಪುಟ ತೆಗೆದು ಕೊಟ್ಟ. “ಹೂಂ ಬಾಯೋರ, ಇದ್ದದ್ದು ಇದ್ದಂಗ ಕನ್ನಡದಾಗ ಹೇಳ್ರಿ. ನಾ ಬರ್ಕೋತೀನಿ.”

ಬಾಯೋರು ಓದಿದರು. ಕಣ್ಣು ಅರ್ಧ ಪುಟದಲ್ಲಿ ನಿಂತಿತು. ಕುತ್ತಿಗೆ ಕೆಂಪಾಯಿತು.

ಒಬ್ಬ ಪೇದೆ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದ. ಸರಿಯಾಗಿ ಕೇಳಬೇಕಲ್ಲ.

“ಇಬ್ಬರು ಅದಾರ್ರಿ,” ಅಂದರು ಬಾಯೋರು. “ಗಂಡ ಹೆಂಡ್ತಿ ಇರಬೇಕು. ಮಾತಾಡ್ಲಿಕತ್ತಾರ.”

“ಎಲ್ಲಿ ಕುಂತು?”

“ಕುಂತಿಲ್ರಿ.”

ಹಿಂದೆ ಯಾರೋ ಕಿಸಕ್ಕೆಂದರು.

“ಮುಂದ ಹೇಳ್ರಿ.”

“ಹೊರಗ ಭಾಳ ಥಂಡಿ ಅದ. ಅದಕ್ಕ ಚಾದರ ಹೊಚ್ಕೋತಾರ್ರಿ.”

ಹವಾಲ್ದಾರ ಬರೆಯುವುದು ನಿಲ್ಲಿಸಿದ. “ಪೂರಾ ಒಂದು ಪುಟ ಚಾದರ ಹೊಚ್ಕೊಳ್ಳೂದೇ ಏನ್ರಿ ಬಾಯೋರ?”

“ಚಾದರ ಸಣ್ಣದಿರಬೇಕ್ರಿ ಸರ್,” ಅಂದ ಫ್ಯಾನ್ ಬಂದ್ ಮಾಡಿದವನು. ಠಾಣೆಯೆಲ್ಲ ನಕ್ಕಿತು.

ಬಾಯೋರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಅವರು ತಪ್ಪು ಮಾಡಿದವರಲ್ಲ, ಪುಸ್ತಕ ಕೊಂಡವರೂ ಅಲ್ಲ. ಇಂಗ್ಲಿಷ್ ಬರುತ್ತಿತ್ತು, ಅಷ್ಟೇ.

“ಇರಲಿ ಬಿಡ್ರಿ,” ಅಂದ ಹವಾಲ್ದಾರ. “ನೀವು ಹೇಳದಿದ್ರೂ ನಡಿತದ. ಇವ್ನೇ ಒಪ್ಕೊಂಡಾನ. ಓದಿ ನೋಡಿದೆ, ಅಶ್ಲೀಲ ಅದ ಅಂತ ಇಲ್ಲಿ ಸಹಿ ಮಾಡಿ ಹೋಗ್ರಿ.”

ಬಾಯೋರು ಬಾಗಿಲ ಕಡೆ ನೋಡಿದರು. ಮತ್ತೆ ಕಾಗದ ನೋಡಿದರು. ಸಹಿ ಮಾಡಿದರು. ಅಲ್ಲಿಂದ ಎದ್ದು ಹೋದರೆ ಸಾಕು ಅನ್ನುವಂತೆ ಮಾಡಿದರು.

ನನ್ನನ್ನೂ ಹೊರಗಿನ ಕಟ್ಟೆಗೆ ಕಳಿಸಿದ್ದರು. ಅಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಬಾಯೋರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಯಾಕಪ್ಪಾ ಒಪ್ಕೊಂಡಿ?”

“ಅಸಲಿ ಇದ್ವಲ್ರಿ ಬಾಯೋರ. ಸುಳ್ಳ ಯಾಕ ಹೇಳ್ಲಿ?”

ಅವರು ಹಣೆಗೆ ಕೈ ಹಚ್ಚಿದರು. “ಯಪ್ಪಾ, ಅಸಲಿ ಅಲ್ಲೋ ತಮ್ಮಾ ಅದು. ಅಶ್ಲೀಲ. ಅಂದ್ರ ಹೊಲಸು. ನೀ ಹೊಲಸು ಪುಸ್ತಕ ಮಾರ್ತೀನಿ ಅಂತ ಹೇಳಿದಿ.”

ಒಳಗೆ ಓಡಿಹೋಗಿ ಹವಾಲ್ದಾರನಿಗೆ ಹೇಳಿದೆ, ಸಾಹೇಬ್ರ ನನಗ ತಿಳಿದಿರಲಿಲ್ಲ, ನಾನು ಬೇರೆ ಮಾತು ಹೇಳಿದ್ದು ಅಂತ. ಅವನು ಕಾಗದ ಮಡಚುತ್ತ ಅಂದ: “ಎಲ್ಲಾರೂ ಬರದ ಮ್ಯಾಲೇ ಹಿಂಗ ಹೇಳ್ತಾರ. ಜಾಮೀನಿಗಿ ಯಾರ್ನರ ಕರ್ಸು.”

ಜಾಮೀನು ಆಯಿತು. ಪುಸ್ತಕ ಠಾಣೆಯಲ್ಲಿ ಉಳಿದವು. ದಲ್ಲಾಳಿಗೆ ಫೋನ್ ಹಚ್ಚಿದೆ. “ನಾ ರದ್ದಿ ಮಾರಾಂವ ಭಾಯ್, ಕಿಲೋ ತೂಗಿ ಕೊಟ್ಟೀನಿ. ಒಳಗ ಏನ್ ಅದ ನಂಗೇನ್ ಗೊತ್ತು?” ಅಂದ. ಆಮೇಲೆ ಅವನ ಫೋನು ನನಗೆ ಹತ್ತಲೇ ಇಲ್ಲ. ಆ ಪುಸ್ತಕ ಬರೆದವರು ಯಾವ ದೇಶದಲ್ಲೋ ಇದ್ದಾರೆ. ಹಡಗಿನಿಂದ ಇಳಿಸಿದವನು ಮುಂಬಯಿಯಲ್ಲಿ ಇದ್ದಾನೆ. ಓದಿದವರು ಓದಿ ಮುಗಿಸಿ ಮನೆಯಲ್ಲಿ ಇದ್ದಾರೆ. ಬಂದರಿನಲ್ಲಿ ಸೀಲು ಒತ್ತಿ ಬಿಟ್ಟದ್ದನ್ನು ನನ್ನ ಗಾಡಿಯ ಮೇಲೆ ಹಿಡಿದರು. ಓದಲು ಬಾರದವನ ಹತ್ತಿರ.

ಪುಸ್ತಕ ಕೆಟ್ಟದ್ದೋ ಒಳ್ಳೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಾಂಟ್ರಾಕ್ಟರ್ ಫ್ಯಾಕ್ಟರಿ ಗೇಟಿನ ಹೊರಗೆ ನಿಲ್ಲಿಸಿ ಮಾತಾಡಿದ. “ಕೇಸ್ ಬಿದ್ದು ಹೋತು, ಇವ ಖುಲಾಸ್ ಅಂತ ಕೋರ್ಟಿನ ಕಾಗದ ತಂದ್ರ ಒಳಗ ಬಾ. ನಿನ್ನ ಜಾಗಾ ನಾ ನೋಡ್ಕೋತೀನಿ. ಶಿಕ್ಷಾ ಆತಂದ್ರ ಮಾತ್ರ ಈ ಗೇಟಿನ ಕಡಿ ಜಿಂದಗಿಯಾಗ ಬರಬ್ಯಾಡ.”

ನಮ್ಮವ್ವನಿಗೆ ಬೇರೆಯೇ ಹೆದರಿಕೆ. “ಏನ್ ಕದ್ದೀ? ಖರೇ ಹೇಳು,” ಅಂತ ದಿನಾ ಕೇಳುತ್ತಾಳೆ. ಪುಸ್ತಕಕ್ಕೆ ಪೊಲೀಸರು ಹಿಡಿಯುತ್ತಾರೆ ಅಂತ ಅವಳು ನಂಬುವುದಿಲ್ಲ. ರೊಟ್ಟಿ ಬಡಿಯುತ್ತ, ಬಾಗಿಲಲ್ಲಿ ಬೈಕು ನಿಂತರೆ ಕೈ ನಿಲ್ಲಿಸುತ್ತಾಳೆ. ನಾನೂ ಉಸಿರು ನಿಲ್ಲಿಸುತ್ತೇನೆ.

ವಕೀಲರು ಸರಳವಾಗಿ ಹೇಳಿದರು. “ಪೊಲೀಸರ ಮುಂದ ಒಪ್ಕೊಂಡಿದ್ದು ಕೋರ್ಟಿನಾಗ ನಡಿಯಂಗಿಲ್ಲ. ಅದರ ಚಿಂತಿ ಬಿಡು. ಆದ್ರ ಜಡ್ಜ್ ಸಾಹೇಬ್ರು ತಪ್ಪು ಒಪ್ಕೋತೀ ಏನು ಅಂತ ಕೇಳ್ತಾರ. ಹೌದಂದ್ರ ಏನರೆ ದಂಡ ಹಾಕ್ತಾರ, ಶಿಕ್ಷಾ ಆದಂಗ, ಕೇಸ್ ಮುಗೀತದ. ಇಲ್ಲಂದ್ರ ಕೇಸ್ ನಡಿತದ, ಗೆದ್ರೂ ಗೆಲ್ಲಬಹುದು. ಆ ಬಾಯೋರು ಸಾಕ್ಷಿಗಿ ಬರ್ತಾರ. ಅವರನ್ನೇ ನಾವು ಹಿಡಿಬೇಕು. ಪುಟ ತೆಗೆದು ಮಂದಿ ಮುಂದ ಓದಸ್ತೀನಿ. ಓದಲಿಕ್ಕೆ ಆಗದಿದ್ರ ಸಹಿ ಯಾಕ ಮಾಡಿದ್ರಿ ಅಂತೀನಿ. ಅವರ ಸಾಕ್ಷಿ ಬಿತ್ತಂದ್ರ ಕೇಸೂ ಬಿತ್ತು.”

ಸಾಲಿಗೆ ಹೋಗದವನಿಗೂ ತಿಳಿಯುವ ಮಾತು.

ಬಾಯೋರಿಗೂ ಯಾರೋ ಇದನ್ನು ಹೇಳಿರಬೇಕು. ಒಂದು ಮುಂಜಾನೆ ವಾಡಿ ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ನಾನು ಆಗ ಅಲ್ಲಿ ಪಾರ್ಸೆಲ್ ಎತ್ತುತ್ತಿದ್ದೆ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದರು.

“ನೀ ಒಪ್ಕೊಂಡುಬಿಡು ತಮ್ಮಾ,” ಅಂದರು. “ದಂಡ ನಾ ಕಟ್ತೀನಿ. ಒಪ್ಕೊಂಡ್ರ ನನ್ನ ಕರಿಯಂಗಿಲ್ಲಂತ.”

“ಒಪ್ಕೊಂಡ್ರ ನನ್ನ ಗೇಟ್‌ಪಾಸ್ ಹೋಗ್ತದ್ರಿ ಬಾಯೋರ. ಫ್ಯಾಕ್ಟರಿ ಕೆಲಸ ಸಿಗಂಗಿಲ್ರಿ.”

“ತಿಳೀತದ. ಆದ್ರ ನನ್ನ ಮಾತೂ ಜರಾ ಕೇಳು. ಅವತ್ತು ಠಾಣೆದಾಗ ಆಗಿದ್ದನ್ನ ಆ ಪೇದೆ ಚಹಾದ ಅಂಗಡ್ಯಾಗ ಹೇಳ್ಯಾನ. ಈಗ ನಾ ಒಂಬತ್ತನೇತ್ತಾಕ ಹೋದ್ರ ಬೋರ್ಡ್ ಮ್ಯಾಲ ಚಾದರ ಅಂತ ಬರದಿರ್ತಾರ. ಹುಡುಗರು, ನಾ ಅಕ್ಷರ ಕಲಿಸಿದ ಹುಡುಗರು. ನಾ ಅಳಿಸಿ ಪಾಠ ಮಾಡ್ತೀನಿ. ಮನ್ಯಾಗ ಇನ್ನೂ ಗೊತ್ತಿಲ್ಲ. ನಮ್ಮ ಅತ್ತಿ ಮನಿಯವರು… ಕೋರ್ಟಿನಾಗ ಎಲ್ಲಾರ ಮುಂದ ಅದನ್ನ ಓದು ಅಂದ್ರ ನಾ ಎಲ್ಲಿಗಿ ಹೋಗ್ಲಿ?”

ರೈಲು ಬಂತು. ನಾನು ಪಾರ್ಸೆಲ್ ಎತ್ತಿಕೊಂಡೆ. ಅವರು ಇನ್ನೂ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಛಲೋ ಆಯಿತು ಅಂತ ಆಗ ಅನ್ನಿಸಿತು.

ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರು. ಕಟಕಟೆಯ ಕಟ್ಟಿಗೆ ಹಿಡಿದುಕೊಂಡೆ. ಜಡ್ಜ್ ಸಾಹೇಬರು ನನಗೆ ತಿಳಿಯುವ ಕನ್ನಡದಲ್ಲೇ ಕೇಳಿದರು, ನಿಧಾನ ಕೇಳಿದರು: “ಹೊಲಸು ಪುಸ್ತಕ ಮಾರಿದ್ದೀ ಅಂತ ನಿನ್ನ ಮೇಲೆ ಆರೋಪ ಇದೆ. ತಪ್ಪು ಒಪ್ಪಿಕೊಳ್ಳುತ್ತೀಯಾ?”

ಬಾಯೋರ ಮುಖ ನೆನಪಾಯಿತು. ಫ್ಯಾಕ್ಟರಿಯ ಗೇಟೂ ನೆನಪಾಯಿತು. ಎರಡೂ ಒಂದೇ ಸಲ.

“ಇಲ್ರಿ,” ಅಂದೆ.

ದನಿ ನನ್ನದೇ ಅಂತ ನನಗೇ ಗೊತ್ತಾಗಲಿಲ್ಲ. ಸಾಹೇಬರು ಬರೆದುಕೊಂಡರು. ವಕೀಲರು ಬೆನ್ನು ಚಪ್ಪರಿಸಿದರು. ಮುಂದಿನ ತಾರೀಖಿಗೆ ಬಾಯೋರ ಸಾಕ್ಷಿ. ಸಮನ್ಸ್ ಶಾಲೆಯ ವಿಳಾಸಕ್ಕೇ ಹೋಗಿದೆಯಂತೆ, ಹೆಡ್‌ಮಾಸ್ತರರ ಕೈಗೆ. ಆ ದಿನ ಅವರು ಕಟಕಟೆ ಹತ್ತಿದಾಗ ನಾನು ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲ. ರಾತ್ರಿ ನಿದ್ದೆ ಇಲ್ಲ. ಹೇಳುವುದು ಇಷ್ಟೇ.