ಮುತ್ತಜ್ಜನ ಎರಡು ಪಲ್ಟನ್

ನಮ್ಮ ಮುತ್ತಜ್ಜ ಬ್ರಿಟಿಷರ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದ ಎಂಬುದಕ್ಕೆ ಮನೆಯಲ್ಲಿ ಎರಡು ಸಾಕ್ಷಿ ಇದ್ದವು: ದೇವರ ಜಗಲಿಯ ಮೇಲೊಂದು ಹಿತ್ತಾಳೆ ಬಿಲ್ಲೆ, ಟ್ರಂಕಿನಲ್ಲೊಂದು ಬಿಡುಗಡೆ ಕಾಗದ. ಎರಡನ್ನೂ ಬಾಜೂಬಾಜು ಇಟ್ಟು ನೋಡುವ ಬುದ್ಧಿ ಹೋದ ವರ್ಷದವರೆಗೆ ಯಾರಿಗೂ ಬಂದಿರಲಿಲ್ಲ. ನನಗೆ ಬಂತು. ಬರಬಾರದ್ದು ನನಗೇ ಮೊದಲು ಬರುತ್ತದೆ.

ಮೊದಲ ಮಹಾಯುದ್ಧಕ್ಕೆ ಹೋದ ಊರವರ ಹೆಸರು ಕೆತ್ತಿಸಿ ಪಂಚಾಯ್ತಿ ಮುಂದೆ ಕಲ್ಲು ನಿಲ್ಲಿಸುವುದಿತ್ತು. ಹೆಸರಿನ ಜೊತೆ ಪಲ್ಟನ್ನಿನ ನಂಬರನ್ನೂ ಕೊಡಬೇಕು. ಬಿಲ್ಲೆಯ ಮೇಲೆ ಮೂರಂಕಿಯ ನಂಬರು. ಕಾಗದದಲ್ಲಿ ಒಂದೇ ಅಂಕಿ. ಹಾಗಾದರೆ ಬಿಲ್ಲೆ ಯಾರದು? ಕದ್ದದ್ದೋ, ಸತ್ತವನ ಪೇಟದಿಂದ ಕಿತ್ತದ್ದೋ? ಇಲ್ಲಾ ಒಂದು ಪಲ್ಟನ್ನಿನಿಂದ ಓಡಿಹೋಗಿ ಇನ್ನೊಂದರಲ್ಲಿ ಸೇರಿಕೊಂಡನೋ? ಪ್ರತಿ ಮಹಾನವಮಿಗೆ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ವಿಭೂತಿ ಹಚ್ಚಿ, ಕೈಮುಗಿದವರು ನಾವು. ಕಳವಿನ ಮಾಲಿಗೆ ನಾಲ್ಕು ತಲೆಮಾರು ಹೋಳಿಗೆ ಎಡೆ ಹಿಡಿದಂತಾಯಿತೇ?

ಕಾಕಾನಿಗೆ ಹೇಳಿದೆ. "ಸತ್ತ ಮನಿಷ್ಯಾನ ಮ್ಯಾಲೂ ಅನುಮಾನ ಏನಲೇ ನಿಂದು? ಸುಮ್ನ ಹೆಸರು ಕೊಡು" ಎಂದರು.

ಸುಮ್ಮನಿರಲಾಗಲಿಲ್ಲ. ಎರಡನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ದುಮ್ಮವಾಡದ ನಿವೃತ್ತ ಸುಬೇದಾರರೊಬ್ಬರ ಮನೆಗೆ ಹೋದೆ. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ತಿಕ್ಕಿ ತಿಕ್ಕಿ ಅಂಕೀನ ಸವಸಿಬಿಟ್ಟೀರಲ್ರಿ!" ಎಂದು ಬೈದರು. ಕಾಗದ ಎರಡು ದಿನ ಇಲ್ಲೇ ಇರಲಿ ಅಂದರು. ಇವರಿಗ್ಯಾಕಪ್ಪ ಇದು ಎನ್ನಿಸಿ ನಾನು ಬಿಡಲಿಲ್ಲ, ಎದುರಿಗೇ ಕೂತೆ. ಕೊನೆಗೆ ಅವರೇ ಕಪಾಟಿನಿಂದ ತಮ್ಮ ಪಲ್ಟನ್ನಿನ ಇತಿಹಾಸದ ಪುಸ್ತಕ ತೆಗೆದು ಪುಟ ತಿರುವಿದರು.

"ನೋಡ್ರಿಲ್ಲೆ. ಯುದ್ಧ ಮುಗದ ಮ್ಯಾಲೆ ಹಳೇ ಪಲ್ಟನ್ ನಾಕೈದು ಕೂಡಿಸಿ ಒಂದು ಮಾಡಿದ್ರು, ಅದಕ್ಕ ಕೊಟ್ಟ ಹೊಸ ನಂಬರ ನಿಮ್ಮ ಕಾಗದದಾಗಿಂದು. ನಿಮ್ಮ ಮೂರಂಕೀದೂ ಅದರಾಗ ಐತಿ. ದತ್ತಕ ಹೋದಂವನ ಮನಿ ಹೆಸರು ಬದಲಾಗತೈತಿ, ಮನಿಷ್ಯಾ ಬದಲಾಗತಾನೇನ್ರಿ? ಬಿಲ್ಲೆ ಸೇರಿದಾಗಿಂದು, ಕಾಗದ ಬಿಟ್ಟಾಗಿಂದು. ಅಷ್ಟ."

"ಹಂಗಂತ ಬರದು ಸಹಿ ಮಾಡಿ ಕೊಡ್ತೀರೇನ್ರಿ?"

ಸುಬೇದಾರರು ನಕ್ಕರು. "ನಿಮ್ಮ ಮುತ್ಯಾ ಇಷ್ಟು ಅನುಮಾನ ಪಟ್ಟಿದ್ರ ದಂಡಿಗೇ ಸೇರತಿದ್ದಿಲ್ಲ ಬಿಡ್ರಿ." ಆದರೂ ಬರೆದುಕೊಟ್ಟರು.

ಪಂಚಾಯ್ತಿಯ ಗುಮಾಸ್ತರು ಆ ಚೀಟಿ ಓದಿ, ಯಾವ ನಂಬರು ಕೆತ್ತಿಸೋಣ ಎಂದರು. ಎರಡೂ ಎನ್ನಲು ಬಾಯಿ ತೆರೆದವನು ತಡೆದೆ. ಉಳಿದವರಿಗೆಲ್ಲ ಒಂದೊಂದು, ನಮ್ಮವನೊಬ್ಬನಿಗೆ ಎರಡು! ನಾಳೆ ನನ್ನಂಥವನೊಬ್ಬ ಕಲ್ಲಿನ ಮುಂದೆ ನಿಂತು, ಇವನೇನು ಎರಡೂ ಕಡೆ ಪಗಾರ ತಿಂದನೇ ಎನ್ನುತ್ತಾನೆ.

"ನಂಬರ್ ಬ್ಯಾಡ್ರಿ, ಹೆಸರಷ್ಟ ಹಾಕ್ರಿ" ಎಂದೆ.